ಒಂದು ಸಿವುಡು, ಎರಡು ರೊಟ್ಟಿ, ಕೊಯ್ಯದೆ ಬಿಟ್ಟ ಅಂಚು

ಬೈಬಲಿನ ಯಾಜಕಕಾಂಡ 23ನೇ ಅಧ್ಯಾಯದ ಬೋಧನೆ ಅಂದರೆ ಬಹಳ ಕಡೆ ಇಸ್ರಾಯೇಲಿನ ಏಳು ಹಬ್ಬಗಳ ಒಂದು ಚಾರ್ಟು. ನಾಲ್ಕು ಕ್ರಿಸ್ತನಲ್ಲಿ ನೆರವೇರಿದವು, ಮೂರು ಇನ್ನೂ ಬಾಕಿ, ಅಲ್ಲಿಗೆ ಮುಗಿಯಿತು. ಈ ದಾರಿಯೇ ತಪ್ಪು ಅನ್ನಲಾರೆ. ಕ್ರಿಸ್ತನೇ ನಮ್ಮ ಪಸ್ಕದ (ಐಗುಪ್ತದ ಬಿಡುಗಡೆಯ ಹಬ್ಬದ) ಕುರಿ ಎಂದು ಅಪೊಸ್ತಲ ಪೌಲನೇ ಹೇಳುತ್ತಾನೆ (1 ಕೊರಿಂಥ 5:7). ಆದರೆ ಚಾರ್ಟಿನಲ್ಲಿ ಹಿಟ್ಟಿನ ಅಳತೆ ಇಲ್ಲ, ಹುಳಿ ಇಲ್ಲ, ಹೋತ ಇಲ್ಲ, ಬಡವನಂತೂ ಇಲ್ಲವೇ ಇಲ್ಲ. ಅರ್ಥ ಇರುವುದು ಅಲ್ಲೇ. ಪ್ರಥಮಫಲದ ದಿನ ಮತ್ತು ವಾರಗಳ ಹಬ್ಬ ಅಂದರೆ ಪಂಚಾಶತ್ತಮ, ಇವೆರಡನ್ನೇ ತೆಗೆದುಕೊಂಡು ನೋಡೋಣ.

ಪಸ್ಕದ ವಾರದಲ್ಲಿ ಇಸ್ರಾಯೇಲಿನ ಹೊಲದಲ್ಲಿ ಮೊದಲು ಮಾಗುವುದು ಜವೆಗೋದಿ. ಅದರ ಮೊದಲ ಸಿವುಡನ್ನು ಯಾಜಕನ ಬಳಿಗೆ ತರಬೇಕು, ಸಬ್ಬತ್ತಿನ (ವಿಶ್ರಾಂತಿಯ ದಿನದ) ಮರುದಿನ ಅವನು ಅದನ್ನು ಯೆಹೋವನ ಮುಂದೆ ನಿವಾಳಿಸಬೇಕು. ಜೊತೆಗೆ ಸರ್ವಾಂಗಹೋಮಕ್ಕೆ ಒಂದು ವರ್ಷದ ಒಂದು ಕುರಿ, ಎಣ್ಣೆ ಬೆರೆಸಿದ ಎರಡು ದಶಾಂಶ ಏಫಾ ಹಿಟ್ಟು, ಕಾಲು ಹಿನ್ ದ್ರಾಕ್ಷಾರಸ (ಏಫಾ ಧಾನ್ಯದ ಅಳತೆ, ಹಿನ್ ದ್ರವದ ಅಳತೆ). ಆ ದಿನದ ತನಕ ಹೊಸ ಬೆಳೆಯ ರೊಟ್ಟಿಯಾಗಲಿ, ಹುರಿದ ಕಾಳಾಗಲಿ, ಹಸಿ ತೆನೆಯಾಗಲಿ ಯಾರೂ ಬಾಯಿಗೆ ಹಾಕುವಂತಿಲ್ಲ (23:14). ಒಂದು ಸಿವುಡು ಒಪ್ಪಿಗೆಯಾದರೆ ಇಡೀ ಹೊಲ ಒಪ್ಪಿಗೆ. 1 ಕೊರಿಂಥ 15:20ರಲ್ಲಿ ಪೌಲ ಎದ್ದುಬಂದ ಕ್ರಿಸ್ತನನ್ನು ಪ್ರಥಮಫಲ ಅನ್ನುವಾಗ ಹೇಳುತ್ತಿರುವುದು ಇದನ್ನೇ. ಯೇಸುವಿನ ಪುನರುತ್ಥಾನ ಒಬ್ಬಂಟಿ ಅದ್ಭುತವಲ್ಲ, ಹಿಂದೆ ಬರಲಿರುವ ಸುಗ್ಗಿಯ ಮೊದಲ ಹಿಡಿ.

ಇಲ್ಲಿ ಒಂದು ಎಚ್ಚರಿಕೆ. "ಸಿವುಡು ನಿವಾಳಿಸುತ್ತಿದ್ದ ಗಳಿಗೆಯಲ್ಲೇ ಯೇಸು ಎದ್ದನು" ಎಂದು ಬೋಧಕರು ಖಡಾಖಂಡಿತವಾಗಿ ಹೇಳಿಬಿಡುತ್ತಾರೆ. ಆ "ಸಬ್ಬತ್ತಿನ ಮರುದಿನ" ಯಾವುದು ಎಂಬುದೇ ಆಗ ವಿವಾದದಲ್ಲಿತ್ತು. ಫರಿಸಾಯರೆಂಬ ಯೆಹೂದ್ಯ ಪಂಗಡದ ಸಂಪ್ರದಾಯಕ್ಕೆ ಅದು ಪಸ್ಕದ ತಿಂಗಳಾದ ನೀಸಾನ್‌ನ 16, ವಾರದ ಯಾವ ದಿನ ಬಂದರೂ ಸರಿ. ಅವರ ವಿರೋಧಿಗಳಿಗೆ ಅದು ಭಾನುವಾರವೇ. ಯೋಹಾನನ ಸುವಾರ್ತೆಯ ಲೆಕ್ಕ ಹಿಡಿದರೆ, ಅಂದರೆ ಪಸ್ಕದ ಊಟ ಶುಕ್ರವಾರ ರಾತ್ರಿ ಎಂದರೆ, ಆ ವರ್ಷ ಎರಡೂ ಒಂದೇ ದಿನಕ್ಕೆ ಕೂಡುತ್ತವೆ. ಉಳಿದ ಮೂರು ಸುವಾರ್ತೆಗಳಂತೆ ಪಸ್ಕದ ಊಟ ಗುರುವಾರ ರಾತ್ರಿ ಆಯಿತೆಂದರೆ 16 ಶನಿವಾರಕ್ಕೆ ಬೀಳುತ್ತದೆ. ಪೌಲ ಗಳಿಗೆ ಲೆಕ್ಕ ಹಾಕಲು ಹೋಗಲಿಲ್ಲ. ನಾವೂ ಹೋಗಬೇಕಾಗಿಲ್ಲ.

ಆ ದಿನದಿಂದ ಏಳು ಪೂರ್ಣ ವಾರ ಎಣಿಸಿ, ಐವತ್ತನೆಯ ದಿನ ಹೊಸ ಗೋದಿಯ ಎರಡು ರೊಟ್ಟಿ. ನಯವಾದ ಹಿಟ್ಟು ಎರಡು ದಶಾಂಶ ಏಫಾ, ಹೆಚ್ಚುಕಡಿಮೆ ನಾಲ್ಕೂವರೆ ಲೀಟರ್. ಅದಕ್ಕೆ ಹಿಟ್ಟು ಉಬ್ಬಿಸುವ ಹುಳಿ ಹಾಕಿ ರೊಟ್ಟಿ ಸುಡಬೇಕು (23:17). ಏಳು ವಾರದ ಹಿಂದೆ ಮನೆಯಿಂದ ಹುಳಿಯ ಚೂರೂ ಉಳಿಯದಂತೆ ತೆಗೆಸಿದ ಅದೇ ಧರ್ಮಶಾಸ್ತ್ರ ಈಗ ದೇವರ ಸನ್ನಿಧಿಗೆ ಹುಳಿರೊಟ್ಟಿ ತರಿಸುತ್ತದೆ! ಯಾಜಕಕಾಂಡ 2:11-12ರ ಪ್ರಕಾರ ಹುಳಿ ಸೇರಿದ್ದನ್ನು ಯಜ್ಞವೇದಿಯ ಮೇಲೆ ಹೋಮಮಾಡುವಂತಿಲ್ಲ. ಹಾಗಾಗಿ ಈ ರೊಟ್ಟಿಗಳನ್ನು ನಿವಾಳಿಸುತ್ತಾರೆ, ವೇದಿಯ ಮೇಲೆ ಹೋಮಮಾಡುವುದಿಲ್ಲ, ಅವು ಯಾಜಕನ ಪಾಲು.

ಇನ್ನೂ ಗಮನಿಸಿ. ಸಿವುಡಿನ ಜೊತೆ ಹೇಳಿದ ಕಾಣಿಕೆಗಳಲ್ಲಿ ದೋಷಪರಿಹಾರಕ ಯಜ್ಞ ಇಲ್ಲ. (ಅರಣ್ಯಕಾಂಡ 28:22ರ ಹೋತ ಹುಳಿಯಿಲ್ಲದ ರೊಟ್ಟಿಗಳ ಹಬ್ಬದ ದಿನಗಳದ್ದು, ಸಿವುಡಿನದ್ದಲ್ಲ.) ರೊಟ್ಟಿಗಳ ಜೊತೆಗಾದರೋ ದೋಷಪರಿಹಾರಕ್ಕೆಂದೇ ಒಂದು ಹೋತ ಬರುತ್ತದೆ (23:19). ಸಿವುಡು ಪಾಪವಿಲ್ಲದ ಕ್ರಿಸ್ತ. ರೊಟ್ಟಿ ನಾವು, ಪಂಚಾಶತ್ತಮದ ದಿನ ಹುಟ್ಟಿದ ಸಭೆ, ಹುಳಿ ಸಮೇತ ದೇವರ ಮುಂದೆ ನಿಂತವರು. ಹುಳಿ ಎಲ್ಲೆಡೆ ಪಾಪದ ಗುರುತು ಎಂದು ನಾನು ವಾದಿಸುವುದಿಲ್ಲ. ಮತ್ತಾಯ 13:33ರಲ್ಲಿ ಯೇಸು ಪರಲೋಕರಾಜ್ಯವನ್ನೇ ಹುಳಿಗೆ ಹೋಲಿಸಿದ್ದಾನೆ. ಇಲ್ಲಿ ಹಾಗೆ ಓದಲು ಧೈರ್ಯ ಕೊಡುವುದು ಪಕ್ಕದಲ್ಲಿರುವ ಹೋತ. ಎರಡು ರೊಟ್ಟಿ ಅಂದರೆ ಯೆಹೂದ್ಯರು ಮತ್ತು ಅನ್ಯಜನರು ಎಂಬ ಜನಪ್ರಿಯ ವ್ಯಾಖ್ಯಾನಕ್ಕೆ ಮಾತ್ರ ವಚನದ ಆಧಾರ ನನಗೆ ಕಾಣುವುದಿಲ್ಲ.

ಇನ್ನು ಚಾರ್ಟು ಪೂರ್ತಿ ನುಂಗಿಹಾಕುವ ವಚನ, 23:22. ಪಂಚಾಶತ್ತಮದ ವಿಧಿ ಮುಗಿದು ತುತ್ತೂರಿಗಳ ದಿನ ಶುರುವಾಗುವ ಮುನ್ನ ನಡುವೆ ನಿಂತಿದೆ: ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಹಕ್ಕಲು ಆಯಬೇಡಿ, ಬಡವನಿಗೂ ಪರದೇಶಿಗೂ ಬಿಡಿ. ಇದು ಹಬ್ಬದ ವಿಧಿಯೊಳಗೇ ಇದೆ. ಅಂಥ ಹಕ್ಕಲಿನಿಂದ ಬದುಕಿದ ಮೋವಾಬಿನ ರೂತಳ ಪುಸ್ತಕವನ್ನು ಯೆಹೂದ್ಯರು ಇಂದಿಗೂ ಈ ಹಬ್ಬದಲ್ಲಿ ಓದುತ್ತಾರೆ. ಅಪೊಸ್ತಲರ ಕೃತ್ಯಗಳು 2ನೇ ಅಧ್ಯಾಯದಲ್ಲಿ ಬೆಂಕಿಯ ನಾಲಿಗೆ, ಮೂರು ಸಾವಿರ ಜನ ಸೇರಿದ್ದು, ಇವನ್ನು ಎಲ್ಲರೂ ಬೋಧಿಸುತ್ತಾರೆ. ಅದೇ ಅಧ್ಯಾಯದ 45ನೇ ವಚನದಲ್ಲಿ ವಿಶ್ವಾಸಿಗಳು ಆಸ್ತಿ ಮಾರಿ ಕೊರತೆಯಿದ್ದವರಿಗೆ ಹಂಚುತ್ತಾರೆ. 23:22 ಆತ್ಮನ ಬಲದಿಂದ ನಡೆದದ್ದು ಹೀಗೆ.

ಆದ್ದರಿಂದಲೇ ಜನವರಿಯ ಮೊದಲ ಸಂಬಳವನ್ನೆಲ್ಲ "ಪ್ರಥಮಫಲ" ಎಂದು ಕೇಳಿ, ಕೊಟ್ಟರೆ ವರ್ಷವಿಡೀ ಸಮೃದ್ಧಿ ಎಂದು ಮಾತು ಕೊಡುವ ಬೋಧನೆ ನೋವು ತರುತ್ತದೆ. ಧರ್ಮಶಾಸ್ತ್ರದಲ್ಲಿ ಪ್ರಥಮಫಲ ಬೆಳೆಯ ಒಂದು ಭಾಗ, ಅದೂ ದೇವರು ಆಗಲೇ ಕೊಟ್ಟದ್ದಕ್ಕೆ ಕೃತಜ್ಞತೆ. ಧರ್ಮೋಪದೇಶಕಾಂಡ 26ರಲ್ಲಿ ಪ್ರಥಮಫಲದ ಪುಟ್ಟಿ ತಂದವನು ಲೇವಿಯ (ದೇವರ ಸೇವೆಗೆ ಮೀಸಲಾದ, ಸ್ವಂತ ಹೊಲವಿಲ್ಲದ ಕುಲದವನ) ಮತ್ತು ಪರದೇಶಿಯ ಜೊತೆ ಸಂತೋಷಪಡಬೇಕು ಎಂದಿದೆ. ಕೊಡುವವರು ಕೊಡಲಿ, ತಡೆಯುವುದಿಲ್ಲ. ಆದರೆ ಈ ಕಾಣಿಕೆ ಎತ್ತುವ ಸಭೆಗಳು ಅದರಲ್ಲಿ ವಿಧವೆಯರಿಗೆ, ವಲಸೆ ಬಂದ ಕೂಲಿಯವರಿಗೆ ಎಷ್ಟು ಹೋಯಿತೆಂಬ ಲೆಕ್ಕವನ್ನು ಪಂಚಾಶತ್ತಮದ ಭಾನುವಾರ ಎಲ್ಲರ ಮುಂದೆ ಓದಲಿ.