‘ರೋಬೋಕಾರ್ ಪೊಲಿ’ ಮಕ್ಕಳಿಗೆ ಸುರಕ್ಷತೆ ಕಲಿಸಬಲ್ಲದೇ?

ಪರ: ಆಡುತ್ತಾ ಕಲಿತದ್ದು ಆಪತ್ತಿನಲ್ಲಿ ನೆನಪಾಗುತ್ತದೆ

ದಕ್ಷಿಣ ಕೊರಿಯಾದ ರೋಯ್‌ವಿಷುವಲ್ ಸಂಸ್ಥೆಯ ಈ ಮಕ್ಕಳ ಕಾರ್ಟೂನ್ ಸರಣಿ 2011ರ ಫೆಬ್ರವರಿಯಲ್ಲಿ ಅಲ್ಲಿನ ಶೈಕ್ಷಣಿಕ ವಾಹಿನಿ ಇಬಿಎಸ್‌ನಲ್ಲಿ ಶುರುವಾಯಿತು. ಬ್ರೂಮ್ಸ್ ಟೌನ್ ಎಂಬ ಊರಿನಲ್ಲಿ ಯಾರಿಗಾದರೂ ಅಪಾಯ ಎದುರಾದರೆ ಪೊಲೀಸ್ ಕಾರು ಪೊಲಿ, ಅಗ್ನಿಶಾಮಕ ವಾಹನ ರಾಯ್, ಆಂಬುಲೆನ್ಸ್ ಆಂಬರ್, ಹೆಲಿಕಾಪ್ಟರ್ ಹೆಲಿ ಓಡಿ ಬರುತ್ತವೆ, ರೋಬೋಗಳಾಗಿ ಎದ್ದು ನಿಂತು ಕಾಪಾಡುತ್ತವೆ. ಇಲ್ಲಿ ಅಪಾಯ ತಂದೊಡ್ಡುವುದು ಹೆಚ್ಚಾಗಿ ಯಾರದೋ ಅವಸರ, ಹಟ, ಹೇಳಿದ್ದು ಕೇಳದ ಉಡಾಫೆ. ತಪ್ಪು ಮಾಡಿದವರನ್ನು ಹಂಗಿಸದೆ, ಮೊದಲು ಪಾರು ಮಾಡಿ ಆಮೇಲೆ ಬುದ್ಧಿ ಹೇಳುತ್ತಾರೆ.

ನಾಲ್ಕು ವರ್ಷದ ಮಗುವಿಗೆ ‘ಹುಷಾರು ಕಣೋ’ ಎಂದು ನೂರು ಸಲ ಹೇಳಿದರೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಹ್ಯುಂಡೈ ಕಂಪನಿಯ ಜೊತೆಗೂಡಿ ಮಾಡಿದ ಸಂಚಾರ ಸುರಕ್ಷತೆಯ ಕಿರು ಕಂತುಗಳಾಗಲಿ, ರಾಯ್ ನಡೆಸಿಕೊಡುವ ಬೆಂಕಿ ಸುರಕ್ಷತೆಯ ಕಂತುಗಳಾಗಲಿ ಕೈಕಾಲಿಗೆ ಕೆಲಸ ಕೊಡುವ ಪಾಠಗಳು. ಹೊಗೆ ಮೇಲಕ್ಕೇರುತ್ತದೆ, ಆದ್ದರಿಂದ ತಗ್ಗಿ ಹೋಗಬೇಕು. ಇದನ್ನು ಮಗು ಆಡಿ ನೋಡಬಹುದು. ನಮ್ಮ ಅಕ್ಕನ ಮಗಳು ಒದ್ದೆ ಕರವಸ್ತ್ರ ಮೂಗಿಗೆ ಒತ್ತಿಕೊಂಡು ಊಟದ ಮೇಜಿನ ಕೆಳಗೆ ತೆವಳುತ್ತಾಳೆ, ಬಾಗಿಲ ತನಕ. ಅವಳ ಪಾಲಿಗೆ ಅದು ಆಟ. ನನಗದು ತಾಲೀಮು.

ಇನ್ನೊಂದು ವಿಷಯ ಹೆತ್ತವರಿಗೆ ಗೊತ್ತಿರಲೇಬೇಕು. ಬೆಂಕಿ ಬಿದ್ದಾಗ ಚಿಕ್ಕ ಮಕ್ಕಳು ಹೊರಗೆ ಓಡುವ ಬದಲು ಮಂಚದ ಕೆಳಗೋ ಬೀರುವಿನೊಳಗೋ ಅಡಗಿಕೊಳ್ಳುವುದುಂಟು. ಮುಖವಾಡ ತೊಟ್ಟು ಹೊಗೆಯಲ್ಲಿ ಬರುವ ಅಗ್ನಿಶಾಮಕ ಸಿಬ್ಬಂದಿಯನ್ನು ಕಂಡು ಹೆದರಿ, ಕರೆದರೂ ಓಗೊಡುವುದಿಲ್ಲ. ಕೆಂಪು ರಾಯ್‌ನನ್ನು ಗೆಳೆಯನೆಂದುಕೊಂಡ ಮಗುವಿಗೆ ಆ ಹೆದರಿಕೆ ಒಂದಿಷ್ಟು ಕಡಿಮೆಯಾದರೂ ಸರಿ, ಈ ಸರಣಿಗೆ ನನ್ನ ಓಟು.

ವಿರೋಧ: ರಸ್ತೆಯ ಹೊಣೆ ಮಗುವಿನದಲ್ಲ

ಬೆಂಕಿಯ ವಿಷಯದಲ್ಲಿ ಮೇಲಿನ ಮಾತು ಒಪ್ಪುತ್ತೇನೆ. ರಸ್ತೆಯ ಕತೆ ಬೇರೆ.

ಬ್ರೂಮ್ಸ್ ಟೌನಿನ ವಾಹನಗಳಿಗೆ ಗಾಜಿನ ತುಂಬ ದೊಡ್ಡ ಕಣ್ಣುಗಳಿವೆ. ಅವು ನೋಡುತ್ತವೆ, ನಗುತ್ತವೆ. ಐದಾರು ವರ್ಷದ ಮಕ್ಕಳು ಮೊದಲೇ ‘ನನಗೆ ಕಾರು ಕಂಡಿತು, ಕಾರಿಗೂ ನಾನು ಕಂಡೆ’ ಎಂದುಕೊಳ್ಳುವವರು. ಬರುವ ವಾಹನದ ವೇಗ, ದೂರ ಎರಡನ್ನೂ ಒಟ್ಟಿಗೆ ಅಳೆಯುವ ಶಕ್ತಿ ಆ ವಯಸ್ಸಿಗೆ ಇನ್ನೂ ಬಂದಿರುವುದಿಲ್ಲ. ನಿಜವಾದ ಲಾರಿಯ ಮುಂದೆ, ಬಾನೆಟ್ಟಿಗಿಂತ ಗಿಡ್ಡಗಿರುವ ಮಗು ಚಾಲಕನ ಕಣ್ಣಿಗೆ ಬೀಳುವುದೇ ಇಲ್ಲ. ಸಂಚಾರ ಪಾಠದ ಕಂತು ಎಷ್ಟೇ ಒಳ್ಳೆಯದಿರಲಿ, ಕಾರೆಂದರೆ ಕಣ್ಣುಳ್ಳ ಗೆಳೆಯ ಎಂದು ದಿನವೂ ತೋರಿಸುವ ಚಿತ್ರ ಅದರ ಬುಡಕ್ಕೇ ಕೊಡಲಿ ಹಾಕುತ್ತದೆ. ನನ್ನ ಮುಖ್ಯ ತಕರಾರು ಇದೇ.

ಇಷ್ಟೂ ಪಾಠ ಯಾರನ್ನು ಉದ್ದೇಶಿಸಿದ್ದು ಎಂದೂ ಕೇಳಬೇಕು. ಸರಣಿ ಶುರುವಾಗಿ ಎಂಟು ವರ್ಷವಾದ ಮೇಲೆ, 2019ರ ಸೆಪ್ಟೆಂಬರಿನಲ್ಲಿ, ಕೊರಿಯಾದ ಆಸಾನ್ ನಗರದ ಶಾಲಾ ವಲಯದಲ್ಲಿ ಜೀಬ್ರಾ ಪಟ್ಟೆಯ ಮೇಲೆ ದಾಟುತ್ತಿದ್ದ ಒಂಬತ್ತು ವರ್ಷದ ಹುಡುಗ ಕಾರು ಬಡಿದು ತೀರಿಕೊಂಡ. ದಾಟಬೇಕಾದ ಜಾಗದಲ್ಲೇ ದಾಟುತ್ತಿದ್ದ ಮಗು ಅದು. ದೇಶವೇ ಕಣ್ಣೀರಿಟ್ಟಿತು, ಅದೇ ಡಿಸೆಂಬರಿನಲ್ಲಿ ಸಂಸತ್ತು ಕಾನೂನು ತಂದಿತು, 2020ರ ಮಾರ್ಚಿನಲ್ಲಿ ಜಾರಿಗೆ ಬಂತು. ಶಾಲಾ ವಲಯಗಳಲ್ಲಿ ವೇಗ ಹಿಡಿಯುವ ಕ್ಯಾಮೆರಾ ಕಡ್ಡಾಯವಾಯಿತು. ಅಲ್ಲಿ ಚಾಲಕನ ಅಜಾಗರೂಕತೆಯಿಂದ 13 ವರ್ಷದೊಳಗಿನ ಮಗು ಸತ್ತರೆ ಕನಿಷ್ಠ ಮೂರು ವರ್ಷ ಸೆರೆ. ಶಿಕ್ಷೆ ಅತಿಯಾಯಿತೆಂದು ಅಲ್ಲಿ ಜಗಳವಾದದ್ದು ನಿಜ, ಆದರೆ ಹೊಣೆ ಹೊರಬೇಕಾದವರು ಯಾರೆಂಬುದನ್ನು ಕಾನೂನು ಸರಿಯಾಗಿ ಗುರುತಿಸಿತು. ದೊಡ್ಡವರು ವೇಗ ತಗ್ಗಿಸದೆ ಮಕ್ಕಳ ಕೈಲಿ ನಿಯಮ ಉರು ಹೊಡೆಸುವುದು ಅನ್ಯಾಯ.

ನಮ್ಮ ಮನೆಗಳಲ್ಲಿ ಯೂಟ್ಯೂಬ್ ಹಚ್ಚಿ ಇದನ್ನು ಮಕ್ಕಳ ಮುಂದಿಡುವವರಿಗೆ ಒಂದು ಮಾತು. ಕೊರಿಯಾದಲ್ಲಿ ವಾಹನಗಳು ರಸ್ತೆಯ ಬಲಬದಿಯಲ್ಲಿ ಚಲಿಸುತ್ತವೆ. ಹೆಜ್ಜೆ ಇಟ್ಟೊಡನೆ ಹತ್ತಿರದ ಕಾರು ಬರುವುದು ಎಡದಿಂದ. ನಮ್ಮಲ್ಲಿ ಬಲದಿಂದ. ಒನ್‌ವೇಯಲ್ಲಿ ಎದುರು ನುಗ್ಗುವ ಬೈಕುಗಳಿಗಂತೂ ದಿಕ್ಕೇ ಇಲ್ಲ. ಅಲ್ಲಿ ಬೆಂಕಿಗೂ ಆಂಬುಲೆನ್ಸಿಗೂ 119, ಇಲ್ಲಿ 112. ಇವನ್ನೆಲ್ಲ ಮಗುವಿನ ಕೈ ಹಿಡಿದು, ನಮ್ಮದೇ ಬೀದಿಯ ಅಂಚಿನಲ್ಲಿ ನಿಂತು, ನಾವೇ ಹೇಳಿಕೊಡಬೇಕು.