2048ಕ್ಕೆ ಅಂಟಾರ್ಕ್ಟಿಕಾ ಒಪ್ಪಂದ ಮುಗಿಯುತ್ತದೆಯೇ? ಸತ್ಯಾಂಶ ಇಲ್ಲಿದೆ

"2048ಕ್ಕೆ ಒಪ್ಪಂದ ಮುಗಿಯುತ್ತೆ, ಆಮೇಲೆ ಅಂಟಾರ್ಕ್ಟಿಕಾದಲ್ಲಿ ಯಾರು ಬೇಕಾದರೂ ಎಣ್ಣೆ, ಅದಿರು ತೆಗೆಯಬಹುದು" ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು.

ಅಂಟಾರ್ಕ್ಟಿಕಾವನ್ನು ಶಾಂತಿ, ಸಂಶೋಧನೆಗೆ ಮೀಸಲಿಟ್ಟ 1959ರ ಒಪ್ಪಂದಕ್ಕೆ ಮುಗಿಯುವ ದಿನಾಂಕವೇ ಇಲ್ಲ. ಗಣಿಗಾರಿಕೆ ನಿಷೇಧಿಸಿದ್ದು 1991ರಲ್ಲಿ ಮ್ಯಾಡ್ರಿಡ್‌ನಲ್ಲಿ ಸಹಿಯಾಗಿ 1998ರಲ್ಲಿ ಜಾರಿಗೆ ಬಂದ ಪರಿಸರ ಪ್ರೋಟೋಕಾಲ್, ಅಂದರೆ ಆ ಒಪ್ಪಂದಕ್ಕೆ ಸೇರಿಸಿದ ಪೂರಕ ಒಪ್ಪಂದ. ಅದಕ್ಕೂ ಕೊನೆಯ ದಿನ ಇಲ್ಲ.

ಹಾಗಾದರೆ 2048 ಎಲ್ಲಿಂದ ಬಂತು? ಈ ಪ್ರೋಟೋಕಾಲ್ ಜಾರಿಯಾಗಿ 50 ವರ್ಷವಾದ ಮೇಲೆ, ಒಪ್ಪಂದದಲ್ಲಿ ಮತದ ಹಕ್ಕಿರುವ ಯಾವುದೇ ದೇಶ ಮರುಪರಿಶೀಲನೆಗೆ ಸಭೆ ಕರೆಯಿರಿ ಅಂತ ಕೇಳಬಹುದು, ಅಷ್ಟೇ. ಕೇಳಿದ ಮಾತ್ರಕ್ಕೆ ನಿಷೇಧ ಹೋಗುವುದಿಲ್ಲ. ಬದಲಾವಣೆ ಜಾರಿಯಾಗಬೇಕಾದರೆ 1991ರಲ್ಲಿ ಆ ಹಕ್ಕಿದ್ದ 26 ದೇಶಗಳೂ ಅದನ್ನು ಅನುಮೋದಿಸಬೇಕು, ಅದರಲ್ಲಿ ಭಾರತವೂ ಒಂದು, ಜೊತೆಗೆ ಗಣಿಗಾರಿಕೆ ಬಗ್ಗೆ ಎಲ್ಲರೂ ಪಾಲಿಸಲೇಬೇಕಾದ ಕಾನೂನು ಮೊದಲೇ ಇರಬೇಕು. ಸುಲಭದ ಮಾತಲ್ಲ ಅಲ್ವಾ?

ಅಂಟಾರ್ಕ್ಟಿಕಾದಲ್ಲಿ ಮೈತ್ರಿ, ಭಾರತಿ ಸಂಶೋಧನಾ ಕೇಂದ್ರಗಳನ್ನು ನಡೆಸುವ ನಮ್ಮ ದೇಶವೂ 2022ರ ಕಾಯ್ದೆಯಲ್ಲಿ ಅಲ್ಲಿ ಗಣಿಗಾರಿಕೆ ನಿಷೇಧಿಸಿದೆ.