ಬಾಡಿಗೆ ಕೇಳಿದರೆ ಗಟ್ಟಿಮೇಳ

ರಾತ್ರಿ ಹನ್ನೊಂದೂವರೆ. ಮಗು ಆಗಷ್ಟೇ ಮಲಗಿತ್ತು. ನಾದಿನಿ ಮದುವೆಗೆ ಛತ್ರದ ಬಾಡಿಗೆ ಎಷ್ಟಿರಬಹುದು ನೋಡೋಣ ಅಂತ ಫೋನಿನಲ್ಲಿ ಒಂದು ಛತ್ರದ ವೆಬ್‌ಸೈಟ್ ತೆರೆದೆ. ಬೆರಳು ಎಲ್ಲೋ ತಾಗಿತು, ಅಷ್ಟೇ. ಗಟ್ಟಿಮೇಳ ಶುರು!

ತಾಳಿ ಕಟ್ಟುವಾಗ ಗಟ್ಟಿಮೇಳ ಬಾರಿಸುವುದು ಅಪಶಕುನದ ಮಾತು ಕಿವಿಗೆ ಬೀಳದಿರಲಿ ಅಂತ. ನಮ್ಮ ಮನೆಯಲ್ಲಿ ಗಟ್ಟಿಮೇಳ ಕೇಳಿದ ಮೇಲೆಯೇ ಅಂಥ ಮಾತು ಶುರುವಾದವು. ಮೊದಲ ಮಾತು ಅತ್ತೆಯವರದು.

ವೆಬ್ ಪುಟ ತಾನಾಗಿ ಸದ್ದು ಮಾಡುವುದು ಹಳೇ ಕಾಯಿಲೆ. ತೊಂಬತ್ತರ ದಶಕದಲ್ಲಿ ವೆಬ್ ಪುಟ ತೆರೆಯುವ ಬ್ರೌಸರ್ ಆಗಿದ್ದ ಇಂಟರ್ನೆಟ್ ಎಕ್ಸ್‌ಪ್ಲೋರರ್‌ನಲ್ಲಿ ಇದಕ್ಕೆಂದೇ ಬಿಜಿಸೌಂಡ್ ಅನ್ನೋ ಟ್ಯಾಗ್, ಅಂದರೆ ಪುಟ ಬರೆಯುವವರು ಬಳಸುವ ಸಂಕೇತ, ಇತ್ತು. ಲೂಪ್ ಇನ್ಫಿನಿಟ್ ಅಂತ ಬರೆದರೆ ಕೊನೆಯಿಲ್ಲದ ಸಂಗೀತ. 2018ರಲ್ಲಿ ಕ್ರೋಮ್ ಬ್ರೌಸರ್ ಇದಕ್ಕೆ ಕಡಿವಾಣ ಹಾಕಿತು. ನೋಡುವವರು ಪುಟವನ್ನು ಮುಟ್ಟುವ ತನಕ ಸಾಮಾನ್ಯವಾಗಿ ಸದ್ದು ಮಾಡುವಂತಿಲ್ಲ. ನಮ್ಮ ಛತ್ರದವರು ಬಿಡ್ತಾರಾ? ಮುಟ್ಟಲಿ, ಆಮೇಲೆ ನೋಡಿಕೊಳ್ಳೋಣ ಅಂತ ಹೊಂಚು ಹಾಕಿ ಕೂತರು.

ತಾನಾಗಿ ಶುರುವಾದ ಸದ್ದು 3 ಸೆಕೆಂಡಿಗಿಂತ ಜಾಸ್ತಿ ಇದ್ದರೆ ನಿಲ್ಲಿಸುವ ಇಲ್ಲವೇ ತಗ್ಗಿಸುವ ದಾರಿ ಇರಬೇಕು ಅನ್ನುತ್ತದೆ ವೆಬ್ ಪುಟಗಳ ಅಂತರರಾಷ್ಟ್ರೀಯ ಮಾರ್ಗಸೂಚಿ. ಕಣ್ಣು ಕಾಣದವರು ಸ್ಕ್ರೀನ್ ರೀಡರ್ ಓದುವುದನ್ನು ಕೇಳಿಕೊಂಡೇ ಪುಟ ನೋಡಬೇಕಲ್ವಾ? ಡೋಲಿನ ನಡುವೆ ಅವರಿಗೆ ಏನು ಕೇಳಿಸೀತು!

ಈ ಛತ್ರದವರು ದಾರಿ ಇಟ್ಟಿದ್ದರು. ಊಟದ ಹಾಲ್, ವಧುವಿನ ಕೋಣೆ, ಪಾರ್ಕಿಂಗ್, ಜನರೇಟರ್ ಎಲ್ಲದರ ಫೋಟೋ ದಾಟಿ ತೀರಾ ಕೆಳಗೆ, ಕೆನೆ ಬಣ್ಣದ ಮೇಲೆ ಕೆನೆ ಬಣ್ಣದ ಪುಟ್ಟ ಬಟನ್. ಒತ್ತಿದೆ. ಗಟ್ಟಿಮೇಳ ಮೊದಲಿಂದ ಶುರುವಾಯಿತು.

ಸಂಗೀತ ಬೇಕೇ ಬೇಕು ಅನ್ನುವವರು ಪುಟದ ಮೇಲ್ಗಡೆ ‘ನಾದಸ್ವರ ಕೇಳಿ’ ಅಂತ ಒಂದು ಬಟನ್ ಇಟ್ಟರೆ ಸಾಕಲ್ವಾ? ಬೇಕಾದವರು ಒತ್ತುತ್ತಾರೆ. ಯಾರೂ ಒತ್ತದಿದ್ದರೆ ಅನ್ನೋದೇ ಮಾಲೀಕರ ಭಯ ಇರಬೇಕು.

ಬಾಡಿಗೆಯ ಜಾಗದಲ್ಲಿ ‘ಕರೆ ಮಾಡಿ ತಿಳಿಯಿರಿ’ ಅಂತಿತ್ತು. ಬೆಳಿಗ್ಗೆ ಕರೆ ಮಾಡಿದೆ.

“ಬಾಡಿಗೆ ಆಮೇಲೆ ಹೇಳಿ. ಮೊದಲು ಆ ಸಂಗೀತ ತೆಗೀರಿ.”

“ಶುಭಕಾರ್ಯಕ್ಕೆ ಮಂಗಳವಾದ್ಯ ಬೇಡ ಅಂತೀರಾ ಮೇಡಂ?”

“ನಿಲ್ಲಿಸೋಕೆ ಆಗಲ್ಲ ರೀ ಅದನ್ನ!”

“ಏನಂದ್ರಿ? ಒಂದ್ನಿಮಿಷ ಮೇಡಂ, ಇಲ್ಲೊಂದು ಮದುವೆ ನಡೀತಿದೆ, ಏನೂ ಕೇಳಿಸ್ತಿಲ್ಲ. ವಾಲಗದವರಿಗೆ ಹೇಳ್ತೀನಿ ತಡೀರಿ.”

ಕೈ ಬೀಸಿರಬೇಕು. ವಾಲಗ ಥಟ್ಟನೆ ನಿಂತಿತು.